ಕೆಳಗೆ ಅಂಗಡಿ, ಮೇಲೆ ಮನೆ
(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಾಡುನುಡಿಗಳ ವಿಷಯವಾಗಿ ಮಾತನಾಡುವುದು ವಾಡಿಕೆ. ಇಂದು ನಾನು ಆ ವಾಡಿಕೆಯನ್ನು ಮುರಿದು ಬೀದಿಯ ವಿಷಯವನ್ನು ಎತ್ತಿಕೊಂಡಿದ್ದೇನೆ. ಇದಕ್ಕೆ ಕಾರಣವಿಲ್ಲದಿಲ್ಲ. ಹೊರನಾಡಿಗೆ ಬಂದು ನೆಲಸಿದವನಿಗೆ ‘ನಾನು ಈ ಊರಿನವನೋ, ಹೊರಗಿನವನೋ’ ಎಂಬ ಪ್ರಶ್ನೆ ಏಳುವುದು ಗ್ರಂಥದಲ್ಲಲ್ಲ, ಮನೆಯ ಮುಂದಿನ ಬೀದಿಯಲ್ಲಿ. ಅಲ್ಲಿ ನೆರೆಯವರೊಡನೆ ಹೇಗೆ ನಡೆದುಕೊಳ್ಳುತ್ತೇವೆ, ಅವರು ನಮ್ಮೊಡನೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದರ ಮೇಲೆಯೇ ನಮ್ಮ ಬಾಳು ನಿಂತಿದೆ.

ಈ ಸಭಾಗೃಹದಲ್ಲಿ ಎರಡು ಬಗೆಯ ಕನ್ನಡಿಗರು ಕುಳಿತಿದ್ದಾರೆ. ಹೋಟೆಲು, ಅಂಗಡಿಗಳ ವ್ಯಾಪಾರವನ್ನೇ ನಂಬಿದವರು ಒಂದು ಬಗೆ. ಹಿಂಜವಡಿಯಲ್ಲೋ ಖರಾಡಿಯಲ್ಲೋ ನೌಕರಿ ಮಾಡಿ, ಇಪ್ಪತ್ತು ವರ್ಷದ ಸಾಲ ಎತ್ತಿ, ಬಾಣೇರ, ಬಾಲೇವಾಡಿ, ಕಲ್ಯಾಣಿನಗರಗಳಲ್ಲಿ ಮನೆ ಕೊಂಡವರು ಇನ್ನೊಂದು ಬಗೆ. ಸಂಜೆಯಾದರೆ ಮೊದಲಿನವರು ದೀಪ ಹಚ್ಚಿ ಗಿರಾಕಿಗಳ ದಾರಿ ಕಾಯುತ್ತಾರೆ. ಎರಡನೆಯವರು ಸದ್ದು ಒಳಗೆ ಬಾರದಿರಲೆಂದು ಕಿಟಕಿ ಮುಚ್ಚುತ್ತಾರೆ. ‘ನಿವಾಸಿಗಳು ಮತ್ತು ಹೋಟೆಲಿನವರು’ ಎಂದು ಪತ್ರಿಕೆಗಳು ಬರೆಯುವ ಜಗಳದ ಎರಡು ಪಕ್ಷಗಳೂ ನಮ್ಮ ಸಂಘದಲ್ಲಿ ಅಕ್ಕಪಕ್ಕದ ಕುರ್ಚಿಗಳಲ್ಲಿವೆ. ಆದುದರಿಂದ ಈ ವಿಷಯವನ್ನು ಸಿಟ್ಟಿಲ್ಲದೆ ವಿಚಾರಿಸಲು ನಮಗಿಂತ ತಕ್ಕವರು ಸಿಗಲಾರರು.

ಮೊದಲು ಬಾಲೇವಾಡಿಯ ಸಂಗತಿ. ಬಾಣೇರ, ಬಾಲೇವಾಡಿಗಳು ಮೊನ್ನೆ ಮೊನ್ನೆಯವರೆಗೆ ಹೊಲಗದ್ದೆಗಳ ಹಳ್ಳಿಗಳು. 1994ರ ರಾಷ್ಟ್ರೀಯ ಕ್ರೀಡೆಗಳಿಗಾಗಿ ಅಲ್ಲಿ ಶಿವಛತ್ರಪತಿ ಕ್ರೀಡಾಸಂಕುಲ ಎದ್ದಿತು. 1997ರಲ್ಲಿ ಈ ಹಳ್ಳಿಗಳು ಪುಣೆ ಮಹಾನಗರಪಾಲಿಕೆಯ ಎಲ್ಲೆಯೊಳಗೆ ಬಂದವು. ಆಮೇಲೆ ಹಿಂಜವಡಿಯ ಗಣಕಯಂತ್ರದ ಉದ್ಯೋಗಗಳು ಬೆಳೆದವು; ಮುಂಬಯಿ-ಬೆಂಗಳೂರು ಹೆದ್ದಾರಿಯ ಬದಿಗೆ ಗೋಪುರದಂಥ ಮನೆಗಳು ನಿಂತವು; ಆ ಮನೆಗಳ ನಡುವೆ ‘ಬಾಲೇವಾಡಿ ಹೈ ಸ್ಟ್ರೀಟ್’ ಎಂಬ ಹೆಸರಿನ ಬೀದಿಯೊಂದು ಉಪಾಹಾರಗೃಹಗಳಿಂದಲೂ ಪಾನಗೃಹಗಳಿಂದಲೂ ತುಂಬಿಕೊಂಡಿತು. ಮನೆ ಕೊಳ್ಳುವಾಗ ‘ಎಲ್ಲವೂ ನಡೆದುಹೋಗುವಷ್ಟು ಹತ್ತಿರ’ ಎಂಬ ಮಾತು ಸವಿಯಾಗಿಯೇ ಕೇಳುತ್ತದೆ. ಮನೆಯಲ್ಲಿ ಮಲಗಿದ ಮೇಲೆ ತಿಳಿಯುವುದು, ಹತ್ತಿರವಿರುವುದು ಊಟವೊಂದೇ ಅಲ್ಲ, ಅದರ ಸದ್ದೂ ಹತ್ತಿರವೇ ಎಂದು. ನಡುರಾತ್ರಿ ದಾಟಿದರೂ ನಿಲ್ಲದ ಸಂಗೀತ, ಗೇಟಿಗೆ ಅಡ್ಡವಾಗಿ ನಿಂತ ಕಾರುಗಳು, ಕುಡಿದವರ ಕೂಗಾಟ, ಇವೇ ಅಲ್ಲಿಯ ನಿವಾಸಿಗಳ ದೂರುಗಳು. ಕಲ್ಯಾಣಿನಗರ, ಕೋರೆಗಾಂವ ಪಾರ್ಕುಗಳ ದೂರುಗಳೂ ಇಂಥವೇ. ನಮ್ಮ ಬೆಂಗಳೂರಿನ ಇಂದಿರಾನಗರದವರ ಅಳಲೂ ಬೇರೆಯಲ್ಲ.

ಈ ದೂರುಗಳನ್ನು ಸಿರಿವಂತರ ಸಣ್ಣ ಕಿರಿಕಿರಿ ಎಂದು ತಳ್ಳಿಹಾಕುವವರುಂಟು. ಅಂಥವರಿಗೆ 2024ರ ಮೇ 19ರ ನಸುಕನ್ನು ನೆನಪಿಸಬೇಕು. ಕಲ್ಯಾಣಿನಗರದಲ್ಲಿ ಹದಿನೇಳು ವರ್ಷದ ಹುಡುಗನೊಬ್ಬನು ಓಡಿಸುತ್ತಿದ್ದನೆಂದು ಪೋಲೀಸರು ಹೇಳಿದ ಬೆಲೆಬಾಳುವ ಕಾರೊಂದು ದ್ವಿಚಕ್ರ ವಾಹನಕ್ಕೆ ಬಡಿದು, ಮಧ್ಯಪ್ರದೇಶದಿಂದ ಹೊಟ್ಟೆಪಾಡಿಗೆ ಬಂದಿದ್ದ ಇಬ್ಬರು ಎಳೆಯ ಎಂಜಿನಿಯರರು ಪ್ರಾಣಬಿಟ್ಟರು. ಆ ರಾತ್ರಿ ಅವನಿಗೆ ಪಾನಗೃಹಗಳಲ್ಲಿ ಮದ್ಯ ಕೊಟ್ಟ ಸಂಗತಿ ಹೊರಬಿದ್ದ ಮೇಲೆ ಅಬಕಾರಿ ಇಲಾಖೆ ಎಚ್ಚತ್ತಿತು. ಬಾಗಿಲುಗಳಿಗೆ ಮುದ್ರೆ ಬಿದ್ದವು. ಪಾಲಿಕೆಯ ಯಂತ್ರಗಳು ಅನಧಿಕೃತ ಚಪ್ಪರಗಳನ್ನು ಕೆಡವಿದವು. ಆ ಚಪ್ಪರಗಳು ಒಂದೇ ರಾತ್ರಿಯಲ್ಲಿ ಎದ್ದವಲ್ಲ. ಪಾನಗೃಹಗಳ ವಿಷಯವಾಗಿ ನಿವಾಸಿಗಳು ಬಹುಕಾಲದಿಂದ ದೂರುತ್ತಲೇ ಬಂದಿದ್ದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಇದಕ್ಕೆ ತಕ್ಕುದಾಗಿದೆ.

ಹಾಗಾದರೆ ಕಾನೂನಿಲ್ಲವೆ? ಬೇಕಾದಷ್ಟಿದೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಮೇರೆಗೆ, ವಸತಿಯ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಸದ್ದಿನ ಮಿತಿ. ವ್ಯಾಪಾರದ ಪ್ರದೇಶದಲ್ಲಿ ಹಗಲು 65, ರಾತ್ರಿ 55. ರಾತ್ರಿ ಎಂದರೆ ಹತ್ತು ಗಂಟೆಯಿಂದ ಬೆಳಗಿನ ಆರರವರೆಗೆ. ಎರಡು ಪ್ರದೇಶಗಳ ನಡುವಣ ಅಂತರ ಬರಿಯ ಹತ್ತು ಎಂದು ಹಗುರಾಗಿ ಎಣಿಸಬಾರದು. ಈ ಮಾನದಲ್ಲಿ ಹತ್ತು ಏರಿತೆಂದರೆ ಧ್ವನಿಯ ಶಕ್ತಿ ಹತ್ತು ಪಟ್ಟು ಆಯಿತೆಂದು ಅರ್ಥ. ಇನ್ನು ಕೆಳಗೆ ಅಂಗಡಿ, ಮೇಲೆ ಮನೆ ಇರುವ ಬೀದಿಗೆ ಯಾವ ಮಿತಿ? ಅಂಥ ಮಿಶ್ರಪ್ರದೇಶವನ್ನು ಅಧಿಕಾರಸ್ಥರು ಯಾವುದಾದರೊಂದು ವರ್ಗಕ್ಕೆ ಸೇರಿಸಿ ಸಾರಬಹುದು ಎನ್ನುತ್ತದೆ ನಿಯಮ. ಗಂಟು ಇರುವುದೇ ಇಲ್ಲಿ. ಅಂಗಡಿಯವನು ತನ್ನ ಬೀದಿ ಪೇಟೆಯೆಂದು ನಂಬಿದ್ದಾನೆ. ಮೇಲಿನವನು ತನ್ನದು ಮನೆಯೆಂದು ನಂಬಿದ್ದಾನೆ. ಇಬ್ಬರ ನಂಬಿಕೆಯೂ ನಿಜವೇ. ನಿರ್ಣಯಿಸಿ ಹೇಳಬೇಕಾದವರು ಬಾಯಿಬಿಡದಿದ್ದಾಗ ಇಬ್ಬರೂ ಮೆಟ್ಟಿಲ ಮೇಲೆ ಜಗಳಾಡುತ್ತಾರೆ.

ಈಗ ಹೋಟೆಲಿನವರ ಮಾತನ್ನೂ ಕೇಳೋಣ. ಆಹಾರದ ಪರವಾನಿಗೆ, ಅಗ್ನಿಶಾಮಕದವರ ಪತ್ರ, ಮದ್ಯವಿದ್ದರೆ ಅಬಕಾರಿಯ ಪರವಾನಿಗೆ ಎಂದು ಅವರು ಹತ್ತಾರು ಕಚೇರಿಗಳ ಮೆಟ್ಟಿಲು ಹತ್ತಿರುತ್ತಾರೆ. ಇಷ್ಟು ಬಾಡಿಗೆ ತೆರುವವನಿಗೆ ವಾರವೆಲ್ಲ ಆಗದ ವ್ಯಾಪಾರ ಶುಕ್ರವಾರ, ಶನಿವಾರಗಳ ಎರಡು ರಾತ್ರಿಗಳಲ್ಲಿ ಆಗಬೇಕು. ಪಾತ್ರೆ ತೊಳೆಯುವ, ಮೇಜು ಒರಸುವ ಹುಡುಗರು ಹಳ್ಳಿಗಳಿಂದ ಬಂದವರು. ಬಾಗಿಲು ಮುಚ್ಚಿದರೆ ಊರಿಗೆ ಹೋಗುವ ಮನಿಯಾರ್ಡರು ನಿಲ್ಲುತ್ತದೆ. ‘ಸರ್ಕಾರವೇ ಒಪ್ಪಿ ಪರವಾನಿಗೆ ಕೊಟ್ಟ ಮೇಲೆ ನಾನು ಯಾವ ತಪ್ಪು ಮಾಡಿದೆ?’ ಎಂದು ಅವನು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದು ಜಾಣತನವಲ್ಲ. ಬೀದಿಯಲ್ಲಿ ದೀಪವಿದ್ದರೆ ತಡವಾಗಿ ಮನೆಗೆ ಬರುವ ಹೆಣ್ಣುಮಗಳಿಗೆ ಧೈರ್ಯ. ಅಂಗಡಿಗಳೇ ಇಲ್ಲದ ಬೀದಿ ಕತ್ತಲೆಯ ಬೀದಿ.

ಇಲ್ಲಿ ನಾವು ನಮ್ಮ ಹಿಂದಣ ಕಥೆಯನ್ನು ಮರೆಯಬಾರದು. ಇಂದು ಪುಣೆಯ ಹಳೆಯ ಹೆಮ್ಮೆ ಎನ್ನಿಸಿಕೊಂಡಿರುವ ಫರ್ಗ್ಯುಸನ್ ಕಾಲೇಜು ರಸ್ತೆಯ ‘ವೈಶಾಲಿ’, ‘ರೂಪಾಲಿ’ಗಳನ್ನು ಬೆಳೆಸಿದವರು ಅವಿಭಜಿತ ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಬಂದ ಜಗನ್ನಾಥ ಶೆಟ್ಟರು. 2023ರಲ್ಲಿ ಅವರು ತೀರಿಕೊಂಡಾಗ ಮರಾಠಿಗರೂ ಕನ್ನಡಿಗರೂ ಸಮನಾಗಿ ಮರುಗಿದರು. ಆದರೆ ಯಾವ ಹಳೆಯ ಹೋಟೆಲೂ ಒಂದು ದಿನ ಹೊಸ ಅಂಗಡಿಯಾಗಿಯೇ ಬಾಗಿಲು ತೆರೆದಿರುತ್ತದೆ. ‘ಹೊಸದು, ಹೊರಗಿನದು’ ಎಂಬ ಒಂದೇ ಕಾರಣಕ್ಕೆ ಅಂದು ಬಾಗಿಲು ಮುಚ್ಚಿಸಿದ್ದರೆ ಪುಣೆಗೆ ಈ ದೋಸೆ ಕಾಫಿ ದೊರೆಯುತ್ತಿರಲಿಲ್ಲ, ನಮ್ಮಲ್ಲಿ ಅನೇಕರಿಗೆ ಅನ್ನ ದೊರೆಯುತ್ತಿರಲಿಲ್ಲ.

ಜನರನ್ನು ನೋಡಿ ಎತ್ತಿದ ಆಕ್ಷೇಪ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನೂ ನಾವು ಬಲ್ಲೆವು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ವರ್ಷಗಳಲ್ಲಿ ಮುಂಬಯಿಯ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಆ ಹೋಟೆಲುಗಳ ಸದ್ದು ಹೆಚ್ಚಾಯಿತೆಂದು ಅಲ್ಲ, ಒಡೆಯರು ದಕ್ಷಿಣದವರೆಂದು. ಅದಕ್ಕೂ ಹಿಂದೆ, 1890ರಲ್ಲಿ, ಇದೇ ಪುಣೆಯ ಪಂಚಹೌದ ಮಿಶನ್ನಿನಲ್ಲಿ ಚಹ ಕೊಟ್ಟಾಗ ಅಲ್ಲಿದ್ದವರ ಮೇಲೆ ಭಾರಿ ಗದ್ದಲವೆದ್ದು, ತಿಲಕರು, ರಾನಡೆಯವರಂಥ ದೊಡ್ಡವರಿಗೂ ಪ್ರಾಯಶ್ಚಿತ್ತದ ಪ್ರಸಂಗ ಬಂದಿತು. ಚಹದಲ್ಲಿ ದೋಷವಿರಲಿಲ್ಲ, ಕೊಟ್ಟ ಕೈಯನ್ನು ನೋಡಿ ಸಮಾಜ ಕೆರಳಿತ್ತು. ಈ ಎರಡು ಸಂಗತಿಗಳನ್ನು ನೆನಪಿನಲ್ಲಿಟ್ಟುಕೊಂಡೇ ನಾವು ಇಂದಿನ ತಕರಾರು ಅರ್ಜಿಗಳಿಗೆ ಸಹಿ ಮಾಡಬೇಕು.

ನನ್ನ ಮಾತಿನ ತಿರುಳು ಇಷ್ಟೇ. ಆಕ್ಷೇಪ ನಡೆವಳಿಕೆಯ ಮೇಲಿರಲಿ, ಮನುಷ್ಯನ ಮೇಲೆ ಬೇಡ. ಒಂದು ಉದಾಹರಣೆ ಕೊಡುತ್ತೇನೆ. ಕೆಳಗೆ ಮೀನೂಟದ ಹೋಟೆಲು ಬಂತೆನ್ನಿ. ‘ಹೊಗೆಯ ಕೊಳವೆಯನ್ನು ನಮ್ಮ ಕಿಟಕಿಗಳ ಮೇಲಕ್ಕೆ ಏರಿಸಿರಿ’ ಎಂದು ಕೇಳುವುದು ನ್ಯಾಯ. ‘ಮೀನು ತಿನ್ನುವವರು ನಮ್ಮ ಬೀದಿಗೆ ಬೇಡ’ ಎನ್ನುವುದು ಅನ್ಯಾಯ. ಎರಡೂ ಅರ್ಜಿಗಳ ತಲೆಬರಹದಲ್ಲಿ ‘ವಾಸನೆಯ ಉಪದ್ರವ’ ಎಂದೇ ಇದ್ದೀತು. ಮೊದಲಿನದಕ್ಕೆ ಉಪಾಯವುಂಟು, ಎರಡನೆಯದಕ್ಕೆ ಆ ಹೋಟೆಲಿನವನು ಊರು ಬಿಡುವುದೊಂದೇ ಉಪಾಯ. ಅಳೆಯಬಹುದಾದುದನ್ನು ಕೇಳಿರಿ: ಎಷ್ಟು ಸದ್ದು, ಎಷ್ಟು ಹೊತ್ತಿನವರೆಗೆ, ಎಷ್ಟು ಜಾಗ. ಅಳತೆಗೆ ಸಿಗದ ಸಿಟ್ಟನ್ನು ಅರ್ಜಿಯಲ್ಲಿ ಬರೆಯಬೇಡಿರಿ.

ಎರಡನೆಯ ಮಾತು, ಕೇಳುವ ಹೊತ್ತಿನದು. ಇಂದು ನೆರೆಯವನು ಬಾಯಿ ತೆರೆಯುವುದು ಅಂಗಡಿ ತೆರೆದ ಮೇಲೆ. ಆ ಹೊತ್ತಿಗೆ ಒಡೆಯನ ಹಣವೆಲ್ಲ ಗೋಡೆ, ಮೇಜು, ಒಲೆಗಳಲ್ಲಿ ಕರಗಿಹೋಗಿರುತ್ತದೆ; ಅವನು ಹಿಂದೆಗೆಯಲಾರ. ಆದುದರಿಂದ ಪರವಾನಿಗೆ ಕೊಡುವ ಮುನ್ನವೇ ನೆರೆಯವರನ್ನು ಕೇಳಬೇಕು. ಈ ದಿಕ್ಕಿನಲ್ಲಿ ಮಹಾರಾಷ್ಟ್ರ ಸರ್ಕಾರ ಒಂದು ಹೆಜ್ಜೆ ಇಟ್ಟಿದೆ. ಗೃಹನಿರ್ಮಾಣ ಸಂಘಗಳ ಕಟ್ಟಡದ ಮಳಿಗೆಗಳಲ್ಲಿ ಹೊಸದಾಗಿ ಮದ್ಯದಂಗಡಿ ತೆರೆಯಬೇಕಾದರೆ ಆ ಸಂಘದ ‘ನಾ ಹರಕತ್’ ಪತ್ರ ಬೇಕೇಬೇಕೆಂದು 2025ರ ಮಾರ್ಚಿನಲ್ಲಿ ವಿಧಾನಸಭೆಯಲ್ಲಿ ಸಾರಿತು. ಮದ್ಯಕ್ಕೆ ಹೇಳಿದ ಈ ನೀತಿ ತಡರಾತ್ರಿಯವರೆಗೆ ನಡೆಯುವ, ಬಯಲಿನಲ್ಲಿ ಸಂಗೀತ ಹಾಕುವ ಎಲ್ಲ ವ್ಯಾಪಾರಕ್ಕೂ ಹೊಂದುತ್ತದೆ. ಆದರೆ ‘ಬೇಡ’ ಎನ್ನುವ ಅಧಿಕಾರ ಕೈಗೆ ಬಂದಾಗಲೇ ನಮ್ಮ ಮೊದಲನೆಯ ಮಾತು ಹೆಚ್ಚು ನೆನಪಿರಬೇಕು. ಒಪ್ಪಿಗೆಗೆ ಬೆಲೆ ಕಟ್ಟಿ ದುಡ್ಡು ಕೇಳುವುದಾಗಲಿ, ಜಾತಿ ಕೇಳುವುದಾಗಲಿ ಮೊದಲಾದರೆ ಮದ್ದೇ ವಿಷವಾದೀತು.

ಮೂರನೆಯದು, ನಮ್ಮ ನಮ್ಮ ಹೊಣೆ. ಮೇಲಿನ ಮನೆಯವರೆ, ಶನಿವಾರ ಸಂಜೆ ಪಕ್ಕದ ಬೀದಿಯ ಹೋಟೆಲಿನ ಮುಂದೆ ಕಾರನ್ನು ಅಡ್ಡ ನಿಲ್ಲಿಸುವವರಲ್ಲಿ ನಾವೂ ಇದ್ದೇವಲ್ಲವೆ? ಅಲ್ಲಿಯೂ ಮೇಲೆ ಒಂದು ಮನೆ ಇದೆ. ಅಲ್ಲಿಯೂ ಪರೀಕ್ಷೆಗೆ ಓದುವ ಮಗುವಿದೆ. ಹೋಟೆಲಿನ ಬಂಧುಗಳೆ, ಪರವಾನಿಗೆ ಸರ್ಕಾರದ ಒಪ್ಪಿಗೆ. ನೆರೆಯವರ ಒಪ್ಪಿಗೆಯನ್ನು ದಿನದಿನವೂ ಗಳಿಸಬೇಕು. ರಾತ್ರಿ ಹತ್ತಕ್ಕೆ ಹೊರಗಿನ ಸಂಗೀತ ನಿಲ್ಲಿಸುವುದು, ಕಾಲುದಾರಿಯ ಮೇಲೆ ಮೇಜು ಹಾಕದಿರುವುದು, ಖಾಲಿ ಬಾಟಲಿಗಳನ್ನು ನಡುರಾತ್ರಿ ಸುರಿಯದೆ ಬೆಳಿಗ್ಗೆ ಸಾಗಿಸುವುದು, ತಡರಾತ್ರಿಯಲ್ಲೂ ಫೋನು ಎತ್ತುವ ಒಬ್ಬ ಜವಾಬ್ದಾರ ಮನುಷ್ಯನ ನಂಬರನ್ನು ಮೇಲಿನ ಮನೆಗಳಿಗೆ ಕೊಟ್ಟಿರುವುದು, ಇವಕ್ಕೆ ಹೆಚ್ಚು ಖರ್ಚಿಲ್ಲ. ಕಾರ್ಯಕಾರಿ ಸಮಿತಿಯವರು ಮನಸ್ಸು ಮಾಡಿದರೆ, ಬಾಣೇರ ಬಾಲೇವಾಡಿಗಳ ನಮ್ಮ ಮನೆಯವರನ್ನೂ ಹೋಟೆಲಿನವರನ್ನೂ ಒಂದು ಭಾನುವಾರ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿ, ಈ ನಾಲ್ಕು ಮಾತುಗಳನ್ನು ಕಾಗದಕ್ಕಿಳಿಸಬಹುದು. ಕನ್ನಡಿಗರು ಮೊದಲು ಮಾಡಿ ತೋರಿಸಿದರೆ ಮರಾಠಿ ನೆರೆಯವರನ್ನೂ ಕರೆಯುವುದು ಸುಲಭವಾಗುತ್ತದೆ.

ಪರಊರಿನಲ್ಲಿ ಕನ್ನಡದ ಬಾವುಟ ಏರಿಸುವುದು ವರ್ಷಕ್ಕೊಂದು ದಿನ. ಒಳ್ಳೆಯ ನೆರೆಯವರೆನ್ನಿಸಿಕೊಳ್ಳುವ ಕೆಲಸಕ್ಕೆ ರಜೆಯಿಲ್ಲ. ಅಂಗಡಿಯವನ ಅನ್ನವೂ ಮನೆಯವನ ನಿದ್ದೆಯೂ ಒಂದೇ ಬೀದಿಯಲ್ಲಿ ಇರಬಲ್ಲವೆಂದು ತೋರಿಸಿಕೊಟ್ಟರೆ ಅದೂ ನಾಡಸೇವೆಯೇ ಎಂದು ನಾನು ನಂಬಿದ್ದೇನೆ.