ಹಡಗು ಹತ್ತಿದವರ ಊರು ಯಾವುದು?



1773ರಲ್ಲಿ ‘ಹೆಕ್ಟರ್’ ಎಂಬ ಹಡಗು ಸ್ಕಾಟ್ಲೆಂಡಿನ ಸುಮಾರು 200 ವಲಸಿಗರನ್ನು ಇಂದಿನ ಕೆನಡಾದ ಪಿಕ್ಟೊ ಬಂದರಿಗೆ ತಲುಪಿಸಿತು. ಮುಂದೆ ಕುರಿ ಸಾಕಣೆಗಾಗಿ ಜಮೀನ್ದಾರರು ಗೇಣಿದಾರರನ್ನು ಒಕ್ಕಲೆಬ್ಬಿಸಿದಾಗ ಇನ್ನೂ ಸಾವಿರಾರು ಮಂದಿ ಕೆನಡಾ, ಆಸ್ಟ್ರೇಲಿಯಗಳಿಗೆ ಹೊರಟರು. ಅಂಥವರ ಸಂತತಿ ಇಂದು ತನ್ನ ಮೂಲ ಊರನ್ನು ಹುಡುಕುತ್ತಿದೆ.

ಈ ಹುಡುಕಾಟ ಮನೆಯಿಂದಲೇ ಆರಂಭವಾಗಬೇಕು. ಎಷ್ಟೋ ಕುಟುಂಬಗಳು ಬೈಬಲ್ಲಿನ ಖಾಲಿ ಹಾಳೆಯಲ್ಲಿ ಜನನ, ಮದುವೆ, ಮರಣಗಳನ್ನು ಬರೆದಿಡುತ್ತಿದ್ದವು. ಹಳೆಯ ಪತ್ರಗಳು, ಸಮಾಧಿಯ ಕಲ್ಲುಗಳೂ ಸಾಕ್ಷಿಗಳೇ. ಅವುಗಳಲ್ಲಿ ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶದ ಹೆಸರು ಸಿಕ್ಕಿದರೆ ದೊಡ್ಡ ಲಾಭ. ಏಕೆಂದರೆ 1855ಕ್ಕೆ ಮುಂಚಿನ ದೀಕ್ಷಾಸ್ನಾನ, ಮದುವೆಗಳ ದಾಖಲೆಗಳು ಪ್ಯಾರಿಷ್‌ವಾರು ಪುಸ್ತಕಗಳಲ್ಲಿವೆ.

1855ರ ಜನವರಿ 1ರಂದು ಅಲ್ಲಿ ಸರ್ಕಾರಿ ನೋಂದಣಿ ಆರಂಭವಾಯಿತು. ಮರಣದ ದಾಖಲೆಯಲ್ಲಿ ತಂದೆಯ ಹೆಸರಷ್ಟೇ ಅಲ್ಲ, ತಾಯಿಯ ಹೆಸರನ್ನೂ ಅವಳ ತವರುಮನೆತನದ ಹೆಸರನ್ನೂ ಬರೆಯುತ್ತಿದ್ದರು. ಹೀಗಾಗಿ, ವಲಸೆ ಹೋದವನ ದಾಖಲೆ ಸಿಗದಿದ್ದರೂ ಊರಲ್ಲೇ ಉಳಿದ ಅವನ ಅಣ್ಣನ ಇಲ್ಲವೆ ತಂಗಿಯ ಮರಣದಾಖಲೆಯಿಂದ ಇಬ್ಬರ ತಂದೆತಾಯಿಗಳೂ ಗೊತ್ತಾಗಬಹುದು.

ಆದರೆ ಒಂದು ಎಚ್ಚರಿಕೆ. ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರನ್ನು, ಎರಡನೆಯವನಿಗೆ ತಾಯಿಯ ತಂದೆಯ ಹೆಸರನ್ನು ಇಡುವುದು ಅಲ್ಲಿ ರೂಢಿಯಾಗಿತ್ತು. ಆದ್ದರಿಂದ ದಾಯಾದಿಗಳಲ್ಲಿ ಒಂದೇ ಹೆಸರಿನವರು ಹಲವರು. ವಯಸ್ಸು, ತಾಯಿಯ ತವರು, ಪ್ಯಾರಿಷ್ ಮೂರೂ ತಾಳೆಯಾಗಬೇಕು. ಹೆಸರು ಹೊಂದಿತೆಂದು ಯಾರದೋ ಅಜ್ಜನನ್ನು ನಮ್ಮವನೆಂದುಕೊಂಡರೆ, ಒಮ್ಮೆ ಊರು ಕಳೆದುಕೊಂಡ ನಮ್ಮ ಅಜ್ಜ ಮತ್ತೊಮ್ಮೆ ಅದನ್ನು ಕಳೆದುಕೊಳ್ಳುತ್ತಾನೆ.