ಮನೆಯ ಮೂಕಜೀವಿಗಳ ಆರೋಗ್ಯ
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನಾದವನು ಈ ವೇದಿಕೆಯಲ್ಲಿ ನಿಂತು ನಾಯಿ ಬೆಕ್ಕುಗಳ ರೋಗಗಳನ್ನು ಕುರಿತು ಮಾತನಾಡುವುದು ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ಸ್ವರ್ಗದ ಬಾಗಿಲಲ್ಲಿಯೂ ತನ್ನನ್ನು ನಂಬಿ ಬಂದ ನಾಯಿಯನ್ನು ಬಿಡಲೊಲ್ಲದ ಧರ್ಮರಾಯನ ಕಥೆಯನ್ನು ತರಗತಿಯಲ್ಲಿ ಹೇಳುವ ನಾವು, ನಮ್ಮ ಅಂಗಳದ ನಾಯಿ ನರಳುವಾಗ ಕಣ್ಮುಚ್ಚಿ ಕುಳಿತರೆ ಆ ಪಾಠಕ್ಕೆ ಬೆಲೆಯೆಲ್ಲಿ? ತಾಳವಾಡಿಯ ಸುತ್ತಣ ನಮ್ಮ ಹಳ್ಳಿಗಳಲ್ಲಿ ನಾಯಿ ಹೊಲಮನೆಗಳ ಕಾವಲುಗಾರ. ಬೆಕ್ಕು ಕಾಳುಕಡ್ಡಿಯ ಕಾವಲುಗಾರ. ನಾನು ವೈದ್ಯನಲ್ಲ. ಪಶುವೈದ್ಯರು ಹೇಳುವ ಮಾತುಗಳನ್ನು ತಿಳಿಗನ್ನಡದಲ್ಲಿ ನಿಮ್ಮ ಮುಂದಿಡುವುದಷ್ಟೇ ನನ್ನ ಕೆಲಸ.

ಮೂಕಪ್ರಾಣಿಯು ನೋವನ್ನು ನುಡಿಯಲಾರದು, ನಡೆಯಲ್ಲಿ ತೋರಿಸುತ್ತದೆ. ಮೇವು ಬಿಡುವುದು, ಮೂಲೆ ಸೇರುವುದು, ಕರೆದರೂ ಬಾರದಿರುವುದು ಮೊದಲ ಸೂಚನೆಗಳು. ತುಟಿಯನ್ನೆತ್ತಿ ಒಸಡನ್ನು ನೋಡಿರಿ. ನಸುಗೆಂಪಾಗಿದ್ದರೆ ಲೇಸು, ಬಿಳಿಚಿದ್ದರೆ ರಕ್ತಹೀನತೆ, ಹಳದಿಯಾಗಿದ್ದರೆ ಕಾಮಾಲೆಯೆಂದು ಶಂಕಿಸಬೇಕು. ಕತ್ತಿನ ಮೇಲಿನ ಚರ್ಮವನ್ನು ಎಳೆದು ಬಿಟ್ಟಾಗ ಅದು ನಿಧಾನವಾಗಿ ಇಳಿದರೆ ಮೈಯಲ್ಲಿ ನೀರು ಬತ್ತಿದೆಯೆಂದು ತಿಳಿಯಬೇಕು. ನಾಯಿಯ ಸಹಜವಾದ ಮೈಕಾವು ಸುಮಾರು 101ರಿಂದ 102.5 ಡಿಗ್ರಿ, ಆದುದರಿಂದ ಮುಟ್ಟಿದಾಗ ಬಿಸಿಯೆನಿಸಿದ ಮಾತ್ರಕ್ಕೆ ಜ್ವರವೆನ್ನಲಾಗದು.

ಮರಿಗಳಲ್ಲಿ ವಾಂತಿಯೂ ರಕ್ತಭೇದಿಯೂ ಕೂಡಿ ಬಂದರೆ ಅದು ಪಾರ್ವೊ ರೋಗವಿರಬಹುದು. ಒಂದು ದಿನದ ಆಲಸ್ಯವೂ ಸಲ್ಲದು. ಆರೆಂಟು ವಾರಗಳ ಮರಿಗೆ ಲಸಿಕೆಯನ್ನು ಆರಂಭಿಸಿ, ವೈದ್ಯರು ಹೇಳಿದಂತೆ ಮತ್ತೆ ಹಾಕಿಸುವುದೇ ಇದಕ್ಕೆ ರಕ್ಷೆ. ಉಣುಗುಗಳು ರಕ್ತವನ್ನು ಹೀರುವುದಲ್ಲದೆ ಜ್ವರವನ್ನೂ ತರುತ್ತವೆ. ಕಿವಿ, ಬೆರಳುಸಂದುಗಳನ್ನು ಆಗಾಗ ಪರೀಕ್ಷಿಸಬೇಕು. ಜಂತುಹುಳು ಮರಿಯ ಹೊಟ್ಟೆಯನ್ನು ಉಬ್ಬಿಸಿ ಮೈಯನ್ನು ಒಣಗಿಸುತ್ತದೆ. ಮಣ್ಣಿನಲ್ಲಾಡುವ ನಮ್ಮ ಮಕ್ಕಳಿಗೂ ತಗಲುತ್ತದೆ. ಗಂಡುಬೆಕ್ಕು ಮೂತ್ರಕ್ಕಾಗಿ ಮತ್ತೆ ಮತ್ತೆ ತಿಣುಕಿದರೂ ಮೂತ್ರ ಹೊರಡದಿದ್ದರೆ ಪ್ರಾಣಾಪಾಯವುಂಟು. ಇನ್ನೊಂದು ಮಾತು: ನಮ್ಮ ಜ್ವರದ ಗುಳಿಗೆಯನ್ನು ಮರೆತೂ ಬೆಕ್ಕಿಗೆ ಕೊಡಕೂಡದು. ಒಂದು ಪ್ಯಾರಸಿಟಮಾಲ್ ಗುಳಿಗೆ ಅದರ ಪ್ರಾಣವನ್ನೇ ತೆಗೆಯಬಲ್ಲದು.

ಇವೆಲ್ಲಕ್ಕಿಂತ ಮಿಗಿಲಾದುದು ಹುಚ್ಚುನಾಯಿ ರೋಗ, ಅಂದರೆ ರೇಬೀಸ್. ಹುಚ್ಚು ಹಿಡಿದ ನಾಯಿ ಸದಾ ಓಡಾಡಿ ಕಚ್ಚುತ್ತದೆಯೆಂದು ನಾವು ತಿಳಿದಿದ್ದೇವೆ. ಕೆಲವು ನಾಯಿಗಳು ಸುಮ್ಮನೆ ಮಂಕಾಗಿ ಬಿದ್ದಿರುತ್ತವೆ. ಕೆಳದವಡೆ ಜೋತು ಜೊಲ್ಲು ಸುರಿಯುತ್ತದೆ. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಕನಿಕರದಿಂದ ಬಾಯಿಗೆ ಕೈಹಾಕುವವರುಂಟು. ಅದು ಸಲ್ಲದು. ಸುಶ್ರುತಸಂಹಿತೆಯಲ್ಲಿ ಈ ರೋಗದ ವರ್ಣನೆಯಿದೆ. ಅಲ್ಲಿ ಹೇಳಿದ ‘ಜಲತ್ರಾಸ’, ಎಂದರೆ ನೀರಿನ ಅಂಜಿಕೆ, ಕಚ್ಚಿಸಿಕೊಂಡ ಮನುಷ್ಯನ ಲಕ್ಷಣ. ನಾಯಿ ನೀರು ಕುಡಿಯಿತು, ಆದುದರಿಂದ ಹುಚ್ಚಿಲ್ಲ ಎಂದು ನಿಶ್ಚಿಂತರಾಗುವುದು ತಪ್ಪು. ಲಕ್ಷಣ ತೋರಿದ ಬಳಿಕ ಮನುಷ್ಯನು ಬದುಕುವುದು ಇಲ್ಲವೆಂದೇ ಹೇಳಬೇಕು. ಅದಕ್ಕೆ ಮೊದಲು ತಡೆಯುವುದಾದರೋ ನಮ್ಮ ಕೈಯಲ್ಲಿದೆ.

ನಾಯಿಯಾಗಲಿ ಬೆಕ್ಕಾಗಲಿ ಕಚ್ಚಿದರೆ, ಪರಚಿದರೆ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಮೆಣಸಿನಪುಡಿ, ಸೊಪ್ಪಿನ ರಸ ಯಾವುದೂ ಬೇಡ. ಅಂದೇ ಆಸ್ಪತ್ರೆಗೆ ಹೋಗಬೇಕು. 1885ರಲ್ಲಿ ಲೂಯಿ ಪಾಶ್ಚರ್ ಮಹಾಶಯನು ಒಂಬತ್ತು ವರ್ಷದ ಬಾಲಕನೊಬ್ಬನಿಗೆ ಕೊಟ್ಟ ಚುಚ್ಚುಮದ್ದೇ ಈ ಚಿಕಿತ್ಸೆಗೆ ನಾಂದಿ. ನಮ್ಮ ನೆರೆಯ ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ಆತನ ಹೆಸರಿನ ಸಂಸ್ಥೆ ಆರಂಭವಾಯಿತು. ಹಿಂದೆ ಹೊಟ್ಟೆಗೆ ದಿನದಿನವೂ ಚುಚ್ಚುತ್ತಿದ್ದ ಮದ್ದನ್ನು ನೆನೆದು ಈಗಲೂ ಹಿರಿಯರು ಬೆದರುತ್ತಾರೆ. ಕುರಿಯ ಮೆದುಳಿನಿಂದ ಮಾಡುತ್ತಿದ್ದ ಆ ಲಸಿಕೆ ನಮ್ಮ ದೇಶದಲ್ಲಿ 2004ರ ಬಳಿಕ ನಿಂತುಹೋಗಿದೆ. ಈಗ ಸರಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಮೊದಲ ದಿನ, ಅಲ್ಲಿಂದ 3, 7, 28ನೆಯ ದಿನಗಳಲ್ಲಿ ತೋಳಿಗೆ ಹಾಕುತ್ತಾರೆ. ಗಾಯವಾಗಿ ರಕ್ತ ಬಂದಿದ್ದರೆ ಗಾಯದ ಸುತ್ತ ಇನ್ನೊಂದು ಮದ್ದನ್ನೂ ಹಾಕಬೇಕಾಗುತ್ತದೆ. ನಡುವೆ ನಿಲ್ಲಿಸಕೂಡದು. ಮಕ್ಕಳೇ, ಬೈಗುಳಕ್ಕಂಜಿ ಪರಚುಗಾಯವನ್ನು ಮುಚ್ಚಿಡಬೇಡಿರಿ. ಹೆತ್ತವರೇ, ಹೇಳಿದ ಮಗುವನ್ನು ಗದರಬೇಡಿರಿ.

ಸಾಕಿದ ನಾಯಿಬೆಕ್ಕುಗಳಿಗೆ ಮೂರು ತಿಂಗಳಾದಾಗ ಈ ರೋಗದ ಲಸಿಕೆಯನ್ನು ಹಾಕಿಸಿ, ಮುಂದೆ ವೈದ್ಯರು ಹೇಳಿದ ಕಾಲಕ್ಕೆ ಮತ್ತೆ ಹಾಕಿಸಬೇಕು. ನಾವು ಕಾಡಂಚಿನವರು, ನಾಯಿಗಳ ಡಿಸ್ಟೆಂಪರ್ ರೋಗ ವನ್ಯಮೃಗಗಳಿಗೂ ತಗಲುತ್ತದೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಸತ್ತ ಸಿಂಹಗಳಲ್ಲಿ ಆ ರೋಗ ಕಂಡುಬಂದಿತು.

ಕೊನೆಯದಾಗಿ ಒಂದು ಅರಿಕೆ. ಇಲ್ಲಿ ಆಸ್ಪತ್ರೆಯ ಚೀಟಿ ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಓದಬಲ್ಲುದು ಕನ್ನಡವೊಂದನ್ನೇ. ಮುಂದಿನ ಚುಚ್ಚುಮದ್ದಿನ ದಿನವನ್ನು ಅಲ್ಲಿಯೇ ಕೇಳಿ, ಮನೆಗೆ ಬಂದೊಡನೆ ಗೋಡೆಯ ಪಂಚಾಂಗದಲ್ಲಿ ಮಕ್ಕಳ ಕೈಯಿಂದ ಕನ್ನಡದಲ್ಲಿ ಬರೆಯಿಸಿರಿ. ಭಾಷೆ ತಿಳಿಯದೆ ಒಂದು ಚುಚ್ಚುಮದ್ದು ತಪ್ಪಿತೆಂಬ ಮಾತು ನಮ್ಮ ಸೀಮೆಯಲ್ಲಿ ಕೇಳಿಬರಬಾರದು.