ಬಾಯಿಯ ಕಾವಲುಗಾರ: ನಮ್ಮ ಲಾಲಾರಸ
(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣ)





ನೀವು ಇಂದು ಕುಳಿತಿರುವ ಸಾಲಿನಲ್ಲಿ ಒಮ್ಮೆ ನಾನೂ ಕುಳಿತಿದ್ದೆ. ಸೂಕ್ಷ್ಮಜೀವಶಾಸ್ತ್ರ ಓದಲು ಈ ಟ್ರಸ್ಟ್ ನನಗೆ ನೆರವಾಯಿತು. ಆ ಓದಿನಿಂದ ಕಲಿತ ಒಂದು ವಿಷಯವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ನಾನಿಗೆ ಹಲ್ಲಿನ ಸೆಟ್ಟು ಇತ್ತು. ಹಗಲು ರಾತ್ರಿ ಅದನ್ನು ತೆಗೆಯುತ್ತಿರಲಿಲ್ಲ. ಒಂದು ವರ್ಷ ಅವರಿಗೆ ಖಾರ ತಾಗಿದರೆ ಬಾಯಿ ಉರಿಯತೊಡಗಿತು. ಉಷ್ಣವೆಂದು ಮಜ್ಜಿಗೆ ಕೊಟ್ಟೆವು. ಊಟ ಕಡಿಮೆಯಾಗಿ ಸೊರಗಿದರು. ಕೊನೆಗೆ ದಂತವೈದ್ಯರು ಸೆಟ್ಟು ತೆಗೆದು ನೋಡಿದಾಗ ಅಂಗುಳಿನ ಮೇಲೆ ಸೆಟ್ಟಿನ ಆಕಾರದಲ್ಲೇ ಕೆಂಪು ಹರಡಿತ್ತು.

ಅದಕ್ಕೆ ಮುಖ್ಯ ಕಾರಣ ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಯೀಸ್ಟ್. ಪಾವ್ ಉಬ್ಬಿಸುವ ಯೀಸ್ಟಿನ ದೂರದ ನೆಂಟ. ಆರೋಗ್ಯವಂತರಲ್ಲೂ ಅನೇಕರ ಬಾಯಲ್ಲಿ ಇದು ತೊಂದರೆ ಕೊಡದೆ ಇರುತ್ತದೆ. ಅದನ್ನು ಅಂಕೆಯಲ್ಲಿಡುವುದರಲ್ಲಿ ದೊಡ್ಡ ಪಾಲು ನಾವು ಎಂಜಲೆಂದು ಮುಖ ಸಿಂಡರಿಸುವ ಲಾಲಾರಸದ್ದು.

ದಿನಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರ್ ಲಾಲಾರಸ ಸುರಿಯುತ್ತದೆ. ನುಂಗಿದಾಗಲೆಲ್ಲ ಅಂಟಿಕೊಳ್ಳದ ಯೀಸ್ಟ್ ಹೊಟ್ಟೆಗೆ ಹೋಗುತ್ತದೆ. ಲಾಲಾರಸದಲ್ಲಿರುವ ಹಿಸ್ಟಾಟಿನ್ ಯೀಸ್ಟನ್ನು ಕೊಲ್ಲುತ್ತದೆ; ಲ್ಯಾಕ್ಟೋಫೆರಿನ್ ಅದಕ್ಕೆ ಬೇಕಾದ ಕಬ್ಬಿಣವನ್ನು ಹಿಡಿದಿಡುತ್ತದೆ; ಐಜಿಎ ಎಂಬ ಪ್ರತಿಕಾಯ ಅದು ಅಂಟದಂತೆ ತಡೆಯುತ್ತದೆ. ಬಾಯಿ ಒಣಗಿದಾಗ ಕುಡಿಯುವ ನೀರು ಬಾಯನ್ನು ಒದ್ದೆ ಮಾಡೀತು, ಆದರೆ ಈ ಕೆಲಸಗಳನ್ನು ಮಾಡದು.

ಸೆಟ್ಟಿನ ಅಡಿಗೆ ಲಾಲಾರಸ ಸರಿಯಾಗಿ ಹರಿಯುವುದಿಲ್ಲ. ನಿದ್ದೆಯಲ್ಲಂತೂ ಅದು ಬಹಳ ಕಡಿಮೆ. ಇನ್ನೊಂದು ವಿಚಿತ್ರವಿದೆ: ಲಾಲಾರಸದ ಕೆಲವು ಪ್ರೋಟೀನ್‌ಗಳು ಸೆಟ್ಟಿನ ಮೇಲೆ ತೆಳು ಪೊರೆಯಾಗಿ ಕೂರುತ್ತವೆ, ಯೀಸ್ಟ್ ಅದನ್ನೇ ಹಿಡಿದುಕೊಳ್ಳುತ್ತದೆ. ಹೀಗೆ ಕಾವಲುಗಾರನೇ ಕೆಲವೊಮ್ಮೆ ಕಳ್ಳನಿಗೆ ಏಣಿ ಕೊಡುತ್ತಾನೆ. ಅದಕ್ಕೇ ಸೆಟ್ಟನ್ನು ನೀರಲ್ಲಿ ಅದ್ದಿದರೆ ಸಾಲದು, ಬ್ರಷ್‌ನಿಂದ ಉಜ್ಜಬೇಕು.

ವೈದ್ಯರು ಔಷಧ ಕೊಟ್ಟು, ರಾತ್ರಿ ಸೆಟ್ಟು ತೆಗೆದು ನೀರಲ್ಲಿಡಲು ಹೇಳಿದರು. ಕೆಲವು ವಾರಗಳಲ್ಲಿ ನಾನಿ ತಾವಾಗಿಯೇ ಮೀನುಸಾರು ಕೇಳಿದರು.

ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ಕುತ್ತಿಗೆ-ತಲೆಗೆ ರೇಡಿಯೇಶನ್ ಪಡೆದವರು, ಅಲರ್ಜಿ ಅಥವಾ ಖಿನ್ನತೆಗೆ ಕೆಲವು ಮಾತ್ರೆ ತೆಗೆದುಕೊಳ್ಳುವವರು ಬಾಯಿ ಒಣಗುತ್ತಿದೆಯೇ ಎಂದು ಗಮನಿಸಿ. ಒಣಗುತ್ತಿದ್ದರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ. ಉಬ್ಬಸಕ್ಕೆ ಸ್ಟಿರಾಯ್ಡ್ ಇನ್‌ಹೇಲರ್ ಬಳಸುವವರು ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗಿಯಿರಿ. ರಂಝಾನಿನಲ್ಲಿ ಇಫ್ತಾರ್‌ನಿಂದ ಸಹರಿಯವರೆಗೆ ಸಾಕಷ್ಟು ನೀರು ಕುಡಿಯಿರಿ, ಸಹರಿ ಮುಗಿಸಿ ಹಲ್ಲುಜ್ಜಿ.

ಮಕ್ಕಳೇ, ನಾನಿಯ ಬಾಯುರಿಗೆ ಕಾರಣ ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಒಬ್ಬರು ಓದಿದರೆ ಇಡೀ ಮನೆಗೆ ತಿಳಿಯುತ್ತದೆ. ದಾನಿಗಳೇ, ನೀವು ಕೊಟ್ಟ ಶುಲ್ಕ ಒಬ್ಬ ವಿದ್ಯಾರ್ಥಿಗೆ ಮಾತ್ರ ಸಂದಿಲ್ಲ.

ಇಂದು ಮನೆಗೆ ಹೋದ ಮೇಲೆ ನಿಮ್ಮ ಹಿರಿಯರನ್ನು ಕೇಳಿ: ಊಟ ಸೇರುತ್ತಿದೆಯೇ, ಬಾಯಿ ಉರಿಯುತ್ತಿದೆಯೇ? ರಾತ್ರಿ ಸೆಟ್ಟು ತೆಗೆದಿಡುತ್ತಾರೆಯೇ ಎಂದೂ ನೋಡಿ.